ಹದಿಮೂರು ದೇಹಗಳ ಲೆಕ್ಕ

ದೇಹವನ್ನು ಉಟ್ಟ ಬಟ್ಟೆಗೆ ಹೋಲಿಸಿ ಮಾತನಾಡುವುದು ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಆ ಹೋಲಿಕೆಯನ್ನು ಅಕ್ಷರಶಃ ಹಿಡಿದು ಹೊರಟರೆ ಏನಾದೀತೆಂದು ನಾವು ಯೋಚಿಸುವುದೇ ಇಲ್ಲ. ಪೆಟ್ಟಿಗೆಯಲ್ಲಿ ಒಟ್ಟು ಎಷ್ಟು ಜೊತೆ ಬಟ್ಟೆಗಳಿವೆ? ಹೊಸದು ಮೈಗೆ ಒಗ್ಗದಿದ್ದರೆ ಏನು ಗತಿ? ಹಳೆಯದನ್ನು ಕಳಚುವ ಹೊತ್ತಿನಲ್ಲೇ ಮೃತ್ಯು ಎರಗಿದರೆ? ಈ ಪ್ರಶ್ನೆಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸಿದ್ದು ಯಾವ ತತ್ತ್ವಗ್ರಂಥವೂ ಅಲ್ಲ. ಮನೆಮಂದಿಯೆಲ್ಲ ಶನಿವಾರದ ಸಂಜೆ ಕುಳಿತು ನೋಡಲೆಂದು ಬಿ.ಬಿ.ಸಿ. ಸಂಸ್ಥೆ 1963ರ ನವೆಂಬರ್ 23ರಂದು ಆರಂಭಿಸಿದ ‘ಡಾಕ್ಟರ್ ಹೂ’ ಎಂಬ ದೂರದರ್ಶನ ಕಥಾಮಾಲಿಕೆ. ಅದರ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್ ಎಂಬುದನ್ನು ಪಕ್ಕದ ಮಾತಾಗಿ ಇಲ್ಲಿ ಹೇಳಬಹುದು.

ಕಥಾನಾಯಕ ‘ಡಾಕ್ಟರ್’ ಎಂಬವನು ಮನುಷ್ಯನಲ್ಲ. ಗ್ಯಾಲಿಫ್ರೇ ಎಂಬ ದೂರಗ್ರಹದ ‘ಟೈಮ್ ಲಾರ್ಡ್’, ಕಾಲದ ಒಡೆಯರ ಕುಲದವನು. ಎದೆಯಲ್ಲಿ ಎರಡು ಹೃದಯಗಳುಳ್ಳವನು. ನೂರಾರು ವರ್ಷ ಬಾಳುವವನು. ಒಂದು ದೇಹ ಸವೆದರೆ ಅಥವಾ ಹತವಾದರೆ ಅದೇ ಸ್ಥಳದಲ್ಲಿ ಇನ್ನೊಂದು ದೇಹವಾಗಿ ಎದ್ದು ಕೂಡುವವನು. ಈ ಅದ್ಭುತದ ಮೂಲವಾದರೋ ಬಹಳ ಸಾಮಾನ್ಯವಾದದ್ದು. ಮೊದಲ ಡಾಕ್ಟರ್ ಆಗಿ ನಟಿಸುತ್ತಿದ್ದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಿತು; ಮಾತುಗಳು ನೆನಪಿನಿಂದ ಜಾರತೊಡಗಿದವು. ಕಥೆ ಮಾತ್ರ ಜನಪ್ರಿಯವಾಗಿತ್ತು, ನಿಲ್ಲಿಸಲು ಯಾರಿಗೂ ಮನಸ್ಸಿರಲಿಲ್ಲ. 1966ರ ಅಕ್ಟೋಬರ್ 29ರಂದು ‘ದಿ ಟೆಂತ್ ಪ್ಲಾನೆಟ್’ ಕಥೆಯ ನಾಲ್ಕನೆಯ ಕಂತಿನಲ್ಲಿ ಮುದುಕ ನೆಲಕ್ಕೆ ಬಿದ್ದನು, ಬೆಳಕು ಕವಿಯಿತು, ಬೆಳಕು ಸರಿದಾಗ ಅಲ್ಲಿ ಪ್ಯಾಟ್ರಿಕ್ ಟ್ರೌಟನ್ ಅವರ ಮುಖವಿತ್ತು. ಆ ಕಂತಿನ ಪ್ರತಿ ಮುಂದೆ ಬಿ.ಬಿ.ಸಿ.ಯ ಭಂಡಾರದಿಂದ ಕಣ್ಮರೆಯಾಯಿತು. ಮಕ್ಕಳ ‘ಬ್ಲೂ ಪೀಟರ್’ ಕಾರ್ಯಕ್ರಮದಲ್ಲಿ ತೋರಿಸಿದ್ದರಿಂದ ಆ ರೂಪಾಂತರದ ಕೆಲವು ಕ್ಷಣಗಳಷ್ಟೇ ಉಳಿದುಕೊಂಡವು. ಹಾರ್ಟ್‌ನೆಲ್ ಅವರಿಗೆ ಇನ್ನೊಂದು ದೇಹವಿರಲಿಲ್ಲ. ‘ದಿ ತ್ರೀ ಡಾಕ್ಟರ್ಸ್’ ಕಥೆಗಾಗಿ ಅವರನ್ನು ಮತ್ತೆ ಕರೆದಾಗ ಅವರು ಎಷ್ಟು ಬಳಲಿದ್ದರೆಂದರೆ, ಅವರ ಭಾಗವನ್ನು ಪ್ರತ್ಯೇಕವಾಗಿ ಕುಳ್ಳಿರಿಸಿಯೇ ಚಿತ್ರಿಸಬೇಕಾಯಿತು. 1975ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

1966ರಲ್ಲಿ ಈ ಕ್ರಿಯೆಗೆ ನಿಶ್ಚಿತವಾದ ಹೆಸರೂ ಇರಲಿಲ್ಲ. ‘ರೀಜನರೇಷನ್’ ಎಂಬ ಮಾತು ಕಥೆಯೊಳಗೆ ಬಂದದ್ದು 1974ರಲ್ಲಿ. ಕನ್ನಡದಲ್ಲಿ ಇದನ್ನು ಪುನರ್ಜನ್ಮವೆನ್ನೋಣವೆ, ಕಾಯಕಲ್ಪವೆನ್ನೋಣವೆ? ಎರಡೂ ಪೂರ್ತಿ ಸಲ್ಲವು. ಕಾಯಕಲ್ಪದಲ್ಲಿ ಅದೇ ಮನುಷ್ಯ ಮುಪ್ಪನ್ನು ಕಳೆದುಕೊಳ್ಳುತ್ತಾನೆ. ಪುನರ್ಜನ್ಮದಲ್ಲಿ ನೆನಪು ಅಳಿದು, ಕರ್ಮ ಮತ್ತು ಸಂಸ್ಕಾರಗಳು ಜೊತೆಗೆ ಸಾಗುತ್ತವೆ. ಇಲ್ಲಿ ನಡೆಯುವುದು ಹೆಚ್ಚುಕಡಿಮೆ ತಿರುವುಮುರುವು: ನೆನಪೆಲ್ಲ ಉಳಿಯುತ್ತದೆ, ಸ್ವಭಾವ ಹೊರಟುಹೋಗುತ್ತದೆ. ನಿನ್ನೆ ತಾನು ಪ್ರೀತಿಸಿದ ತಿನಿಸು ಇಂದು ಸೇರದು. ನಿನ್ನೆಯ ಗೆಳತಿಯ ಮುಖ ನೆನಪಿದೆ, ಆ ಮುಖವನ್ನು ಕಂಡಾಗ ಹುಟ್ಟುತ್ತಿದ್ದ ಭಾವ ಮಾತ್ರ ಇಲ್ಲ. ಹಾಗಾದರೆ ಬದುಕಿದವನು ಯಾರು, ಸತ್ತವನು ಯಾರು? ಸದ್ಯಕ್ಕೆ ಇದನ್ನು ಮರುಹುಟ್ಟು ಎಂದು ಕರೆದು ಮುಂದೆ ಹೋಗೋಣ.

ಮೊದಲ ಹತ್ತು ವರ್ಷಗಳಲ್ಲಿ ಈ ಮರುಹುಟ್ಟಿಗೆ ಮಿತಿಯುಂಟೆಂದು ಯಾರೂ ಹೇಳಿರಲಿಲ್ಲ. 1976ರಲ್ಲಿ ರಾಬರ್ಟ್ ಹೋಮ್ಸ್ ಬರೆದ ‘ದಿ ಡೆಡ್ಲಿ ಅಸಾಸಿನ್’ ಕಥೆ ಆ ಮಿತಿಯನ್ನು ವಿಧಿಸಿತು: ಹನ್ನೆರಡು ಸಲ ಮರುಹುಟ್ಟು, ಅಂದರೆ ಹದಿಮೂರು ದೇಹಗಳು, ಆಮೇಲೆ ಎಲ್ಲರಂತೆ ಸಾವು. ಈ ನಿಯಮ ಯಾರಿಗಾಗಿ ಹುಟ್ಟಿತೆಂಬುದು ಗಮನಾರ್ಹ. ಡಾಕ್ಟರನ ಬದ್ಧವೈರಿಯಾದ ‘ಮಾಸ್ಟರ್’ ಪಾತ್ರವನ್ನು ಮೊದಲಿಗೆ ಧರಿಸಿದ್ದ ರೋಜರ್ ಡೆಲ್ಗಾಡೊ ಅವರು 1973ರಲ್ಲಿ ತುರ್ಕಿ ದೇಶದಲ್ಲಿ ಕಾರಿನ ಅಪಘಾತದಲ್ಲಿ ಮಡಿದಿದ್ದರು. ಹೋಮ್ಸ್ ಆ ಪಾತ್ರವನ್ನು ಮರಳಿ ತಂದಾಗ ಅದಕ್ಕೆ ಹೊಸದೊಂದು ಸುಂದರ ಮುಖವನ್ನು ಕೊಡಲಿಲ್ಲ. ಹದಿಮೂರನೆಯ ದೇಹವೂ ಕೊಳೆಯುತ್ತಿರುವ, ದ್ವೇಷವೊಂದರಿಂದಲೇ ಉಸಿರು ಹಿಡಿದುಕೊಂಡಿರುವ ಒಂದು ಅಸ್ಥಿಪಂಜರವನ್ನು ಕೊಟ್ಟರು. ಅವನಿಗೆ ಇನ್ನೊಂದು ಜೀವ ಬೇಕು. ಅದಕ್ಕಾಗಿ ತನ್ನ ಕುಲದ ಗ್ರಹವೇ ಸುಟ್ಟುಹೋದರೂ ಚಿಂತೆಯಿಲ್ಲ. ಸಾವಿಲ್ಲದಿರುವುದಕ್ಕಿಂತ ಸಾಯಲೊಲ್ಲದಿರುವುದು ಎಷ್ಟು ವಿಕಾರವಾದದ್ದೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಶ್ಯಗಳು ಈ ಮಾಲಿಕೆಯಲ್ಲಿ ಹೆಚ್ಚಿಲ್ಲ.

1981ರ ‘ದಿ ಕೀಪರ್ ಆಫ್ ಟ್ರಾಕೆನ್’ ಕಥೆಯಲ್ಲಿ ಅದೇ ಮಾಸ್ಟರ್ ಕಳ್ಳದಾರಿ ಹಿಡಿಯುತ್ತಾನೆ. ಟ್ರೆಮಾಸ್ ಎಂಬ ಸಜ್ಜನನ ದೇಹವನ್ನು ಹೊಕ್ಕು ತನ್ನದಾಗಿಸಿಕೊಳ್ಳುತ್ತಾನೆ. (ಇಂಗ್ಲಿಷಿನಲ್ಲಿ ಮಾಸ್ಟರ್ ಎಂಬುದರ ಅಕ್ಷರಗಳನ್ನೇ ಕದಡಿದರೆ ಟ್ರೆಮಾಸ್ ಆಗುತ್ತದೆ; ಲೇಖಕರ ತುಂಟತನ.) ನಮ್ಮ ಪರಕಾಯಪ್ರವೇಶದ ಕಥೆಗಳಲ್ಲಿ ಯತಿ ಪ್ರವೇಶಿಸುವುದು ಸತ್ತ ಅರಸನ ಶರೀರವನ್ನು. ಇಲ್ಲಿಯಾದರೆ ಬದುಕಿದ್ದವನ ಮನೆಯನ್ನೇ ಕಸಿದಂತೆ. ಟ್ರೆಮಾಸನ ಮಗಳು ನಿಸ್ಸಾ ಮುಂದೆ ತನ್ನ ತಂದೆಯ ಮುಖದಲ್ಲಿ ಶತ್ರುವಿನ ನಗೆಯನ್ನು ನೋಡಬೇಕಾಗುತ್ತದೆ.

ಮಿತಿಯ ಮಾತು ಹಾಗಿರಲಿ. ಮಿತಿಯೊಳಗೂ ಈ ಕ್ರಿಯೆ ನೆಟ್ಟಗೆ ನಡೆಯುವ ಭರವಸೆಯಿಲ್ಲ. 1984ರಲ್ಲಿ ಆರನೆಯ ಡಾಕ್ಟರ್ ಹುಟ್ಟುತ್ತಲೇ ಚಿತ್ತಭ್ರಮೆಗೊಳಗಾಗಿ, ಯಾವಳನ್ನು ಉಳಿಸಲೆಂದು ಹಿಂದಿನ ದೇಹವನ್ನು ತೆತ್ತಿದ್ದನೋ ಅದೇ ಪೆರಿಯ ಕುತ್ತಿಗೆಯನ್ನು ಹಿಸುಕಲು ಹೋಗುತ್ತಾನೆ. 1996ರ ದೂರದರ್ಶನ ಚಲನಚಿತ್ರದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಸ್ಪತ್ರೆಗೆ ಗುಂಡೇಟು ತಿಂದು ಬಂದ ಅವನು ಸಾಯುವುದು ಗುಂಡಿನಿಂದಲ್ಲ, ಎರಡು ಹೃದಯಗಳ ಗುಟ್ಟರಿಯದ ಶಸ್ತ್ರವೈದ್ಯೆಯ ಶ್ರದ್ಧೆಯಿಂದ! ಅರಿವಳಿಕೆಯ ಮದ್ದಿನ ಪ್ರಭಾವದಿಂದ ಮರುಹುಟ್ಟು ತಡವಾಗಿ, ಶವಾಗಾರದ ಪೆಟ್ಟಿಗೆಯೊಳಗೆ ನಡೆಯುತ್ತದೆ. 2008ರ ‘ಟರ್ನ್ ಲೆಫ್ಟ್’ ಕಥೆಯಲ್ಲಂತೂ ಅವನನ್ನು ತಡೆದು ಹಿಂದಕ್ಕೆಳೆಯುವ ಒಬ್ಬ ಸಾಮಾನ್ಯ ಹೆಂಗಸು ಪಕ್ಕದಲ್ಲಿಲ್ಲದ ಕಾರಣ, ಥೇಮ್ಸ್ ನದಿಯ ಅಡಿಯಲ್ಲಿ, ಮರುಹುಟ್ಟಿಗೂ ಬಿಡುವಿಲ್ಲದಷ್ಟು ಬೇಗ ಸತ್ತುಹೋಗುತ್ತಾನೆ. ಆ ಕಥೆಯಲ್ಲಿ ಅವನ ಶವದ ಮೇಲೆ ಹೊದಿಕೆ ಹೊದಿಸಿ ಒಯ್ಯುವ ದೃಶ್ಯವಿದೆ. ಯಾವ ಬೆಳಕೂ ಬರುವುದಿಲ್ಲ.

ಕಾಲದ ಒಡೆಯರಲ್ಲದವರು ಈ ವರವನ್ನು ಬಯಸಿದರೆ ಆಗುವ ಅನಾಹುತವನ್ನು ಹೇಳುವ ಕಥೆಗಳು ನನಗೆ ಹೆಚ್ಚು ಬೆಲೆಯುಳ್ಳವಾಗಿ ಕಾಣುತ್ತವೆ. 1978ರ ‘ಅಂಡರ್‌ವರ್ಲ್ಡ್’ ಕಥೆಯಲ್ಲಿ ಮಿನ್ಯನ್ ಕುಲದ ನಾವಿಕರು ಗ್ಯಾಲಿಫ್ರೇಯ ವಿದ್ಯೆಯಿಂದ ಸಾವಿರಕ್ಕೂ ಹೆಚ್ಚು ಸಲ ತಾರುಣ್ಯ ಪಡೆದು, ಒಂದೇ ಗುರಿಯ ಹಿಂದೆ ಲಕ್ಷ ವರ್ಷ ಅಲೆದಿದ್ದಾರೆ. ಮೈಗೆ ಮುಪ್ಪಿಲ್ಲ, ಮನಸ್ಸು ಮಾತ್ರ ಹಣ್ಣಾಗಿದೆ. ಕಥೆಯಾಗಿ ಅದು ಸೊರಗಿದ್ದು. ಆ ನಾವಿಕರ ಆಯಾಸವನ್ನು ಮಾತ್ರ ಮರೆಯಲಾಗದು. 1983ರ ‘ಮಾಡ್ರಿನ್ ಅನ್‌ಡೆಡ್’ ಇದಕ್ಕಿಂತ ಗಟ್ಟಿಯಾದದ್ದು. ಮಾಡ್ರಿನ್ ಮತ್ತು ಅವನ ಏಳು ಮಂದಿ ಜೊತೆಗಾರರು ಮರುಹುಟ್ಟಿನ ಯಂತ್ರವನ್ನು ಕದ್ದಿದ್ದಾರೆ. ಅದು ಅವರಿಗೆ ಯೌವನವನ್ನು ಕೊಡಲಿಲ್ಲ, ಸಾವನ್ನು ಕಿತ್ತುಕೊಂಡಿತು. ಕೊನೆಯಿಲ್ಲದೆ ಮೈ ವಿಕಾರಗೊಳ್ಳುತ್ತ ಬದುಕಿರುವ ಅವರು ಡಾಕ್ಟರನಲ್ಲಿ ಬೇಡುವುದು ಸಾವನ್ನು. ಅವರು ಎಂಟು ಮಂದಿ. ಅವನಲ್ಲಿ ಉಳಿದಿರುವ ಮರುಹುಟ್ಟುಗಳೂ ಎಂಟು. ತಲೆಗೊಂದರಂತೆ ಕೊಟ್ಟರೆ ಅವರಿಗೆ ಬಿಡುಗಡೆ, ಅವನಿಗೆ ಕೊನೆಯ ದೇಹ. ಹದಿಮೂರು ಎಂಬ ಅಂಕಿ ಇಲ್ಲದಿದ್ದರೆ ಈ ತ್ಯಾಗಕ್ಕೆ ತೂಕವೇ ಇರುತ್ತಿರಲಿಲ್ಲ. ಅದೇ ವರ್ಷದ ‘ದಿ ಫೈವ್ ಡಾಕ್ಟರ್ಸ್’ನಲ್ಲಿ ಗ್ಯಾಲಿಫ್ರೇಯ ಅಧ್ಯಕ್ಷ ಬೊರೂಸಾ ಅಮರತ್ವದ ಉಂಗುರಕ್ಕೆ ಕೈ ನೀಡಿ, ಕಣ್ಣು ಮಾತ್ರ ಆಡುವ ಕಲ್ಲಿನ ಮುಖವಾಗಿ ಸಮಾಧಿಗೆ ಅಂಟಿಕೊಳ್ಳುತ್ತಾನೆ. ಯಯಾತಿಯಾದರೂ ಎರವಲು ಪಡೆದ ಯೌವನವನ್ನು ಸಾವಿರ ವರ್ಷದ ಮೇಲೆ ಮಗನಿಗೆ ಹಿಂದಿರುಗಿಸಿದನು. ಬೊರೂಸಾನಿಗೆ ಆ ದಾರಿಯೂ ಇರಲಿಲ್ಲ.

ಲೆಕ್ಕ ಮುಗಿಯುವ ದಿನ ಬರಲೇಬೇಕಿತ್ತು. 2013ರ ಕ್ರಿಸ್‌ಮಸ್ ದಿನದ ‘ದಿ ಟೈಮ್ ಆಫ್ ದಿ ಡಾಕ್ಟರ್’ ಕಥೆಯಲ್ಲಿ ಹನ್ನೊಂದನೆಯವನೆಂದು ಜನ ಎಣಿಸುತ್ತಿದ್ದ ಡಾಕ್ಟರ್ ವಾಸ್ತವವಾಗಿ ಹದಿಮೂರನೆಯವನೆಂದು ಬಯಲಾಯಿತು. ಯುದ್ಧಕಾಲದಲ್ಲಿ ಹೆಸರು ತ್ಯಜಿಸಿ ಬಾಳಿದ್ದ ಒಂದು ಜನ್ಮ, 2008ರಲ್ಲಿ ಮುಖ ಬದಲಾಗದೆಯೇ ವ್ಯಯವಾದ ಒಂದು ಮರುಹುಟ್ಟು, ಇವೆರಡನ್ನೂ ಸೇರಿಸಿಯಾಗಿತ್ತು. ಒಂದು ಹಳ್ಳಿಯನ್ನು ಕಾಯುತ್ತ ಅವನು ಶತಮಾನಗಳ ಕಾಲ ಮುದುಕನಾಗುತ್ತ ಹೋಗುವುದು ಕಥೆಯ ಅತ್ಯುತ್ತಮ ಭಾಗ. ಬಳಿಕ ಅವನ ಕುಲದವರು ಆಕಾಶದ ಬಿರುಕಿನಿಂದ ಹೊಸ ಸರಣಿಯನ್ನೇ ದಯಪಾಲಿಸುತ್ತಾರೆ. ಮಾಲಿಕೆ ನಡೆಯಬೇಕಲ್ಲ! ಆದರೂ ಅಲ್ಲಿ ಮಿತಿಯನ್ನು ದಾಟುವುದಕ್ಕೆ ಅಂಗಲಾಚಬೇಕಾಯಿತು. ಬೇಡಿದವರು ಅವನಿಗಾಗಿ ಕಣ್ಣೀರಿಟ್ಟ ಒಬ್ಬ ಮಾನವ ಹುಡುಗಿ. 2020ರ ‘ದಿ ಟೈಮ್‌ಲೆಸ್ ಚಿಲ್ಡ್ರನ್’ ಆ ಸಂಕೋಚವನ್ನೂ ಬಿಟ್ಟಿತು. ಮರುಹುಟ್ಟು ಗ್ಯಾಲಿಫ್ರೇಯದ್ದೇ ಅಲ್ಲವೆಂದೂ, ಎಲ್ಲಿಂದಲೋ ಬಂದ ಅನಾಥಶಿಶುವೊಂದರ ಮೈಯಿಂದ ಅದನ್ನು ಕದ್ದು ಹನ್ನೆರಡರ ಕಟ್ಟು ಹಾಕಿದರೆಂದೂ, ಆ ಶಿಶುವೇ ಡಾಕ್ಟರ್ ಎಂದೂ ಅದು ಹೇಳಿತು. ಒಂದು ಕುಲದ ಹೆಮ್ಮೆಯ ಅಡಿಯಲ್ಲಿ ಮಗುವೊಂದರ ನೋವನ್ನು ಕಾಣಿಸಿದ್ದು ದೊಡ್ಡ ಮಾತೇ. ಆದರೆ ಎಣಿಕೆಯಿಲ್ಲದವನು ಮಾಡ್ರಿನ್‌ನ ಮುಂದೆ ನಿಂತಿದ್ದರೆ ಅವನು ಕೊಡುವುದಕ್ಕೆ ಏನಿತ್ತು?

ಇನ್ನು, ದೇಹ ಸಿದ್ಧವಿದ್ದೂ ಮನಸ್ಸು ಒಲ್ಲದ ಸಂದರ್ಭಗಳುಂಟು. 2007ರಲ್ಲಿ ಗುಂಡೇಟು ತಿಂದ ಮಾಸ್ಟರ್, ವೈರಿಯ ತೋಳಿನಲ್ಲಿ ಮಲಗಿ, ಅವನು ಗೋಗರೆದರೂ ಮರುಹುಟ್ಟಲು ನಿರಾಕರಿಸಿ ಸಾಯುತ್ತಾನೆ. ಅವನನ್ನು ಕುಲದಲ್ಲಿ ಒಂಟಿಯಾಗಿ ಬಿಟ್ಟುಹೋಗುವುದೇ ಅವನ ಗೆಲುವು. 2017ರ ‘ದಿ ಡಾಕ್ಟರ್ ಫಾಲ್ಸ್’ನಲ್ಲಿ ಇದಕ್ಕಿಂತ ವಿಚಿತ್ರವಾದದ್ದು ನಡೆಯುತ್ತದೆ. ಮಾಸ್ಟರನ ಮುಂದಿನ ಜನ್ಮವಾದ ‘ಮಿಸ್ಸಿ’ ಎಂಬಾಕೆ ಒಳ್ಳೆಯ ದಾರಿಗೆ ಹೊರಳಲು ನಿರ್ಧರಿಸಿ, ತನ್ನ ಹಿಂದಿನ ಜನ್ಮವನ್ನು ಇರಿಯುತ್ತಾಳೆ, ಅವನು ತಾನಾಗಿ ಹುಟ್ಟಿಬರಲೆಂದು. ಅವನಾದರೋ ತಾನು ಮುಂದೆ ಸಾತ್ತ್ವಿಕನಾಗಲಿರುವುದನ್ನು ಸಹಿಸದೆ, ಮತ್ತೆ ಏಳದಂತೆ ಅವಳ ಬೆನ್ನಿಗೆ ಹೊಡೆಯುತ್ತಾನೆ. ಒಬ್ಬರೇ ಆದ ಇಬ್ಬರೂ ಒಬ್ಬರನ್ನೊಬ್ಬರು ಕೊಂದು ನಗುತ್ತಾರೆ. ಮೂರು ವರ್ಷಗಳ ಬಳಿಕ, 2020ರಲ್ಲಿ, ಮಾಸ್ಟರ್ ಇನ್ನೊಂದು ಮುಖದಿಂದ ಮರಳಿ ಬಂದನು. ಅವಳ ಪಶ್ಚಾತ್ತಾಪದ ಸುಳಿವೂ ಆ ಮುಖದಲ್ಲಿರಲಿಲ್ಲ.