ನೀರು ಬದಲಾಗದೆ ಗುಳಿಗೆ ಗೆಲ್ಲದು

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಮಕ್ಕಳು ನಕ್ಕರೆ ಕಂದುಗೆರೆಯ ಹಲ್ಲು ಕಾಣುವುದುಂಟು. ಹಿರಿಯರು ಬೆನ್ನು ಬಗ್ಗಿಸಲಾರದೆ ನರಳುವುದುಂಟು. ಇದು ಫ್ಲೋರೋಸಿಸ್. ಲೀಟರಿಗೆ 1.5 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರುವ ಕೊಳವೆಬಾವಿ ನೀರನ್ನು ವರ್ಷಗಟ್ಟಲೆ ಕುಡಿದರೆ ಅದು ಹಲ್ಲು, ಮೂಳೆಗಳಲ್ಲಿ ಸೇರಿಕೊಳ್ಳುತ್ತದೆ.

ಕ್ಯಾಲ್ಸಿಯಂ, ಸಿ ಜೀವಸತ್ವದ ಗುಳಿಗೆಗಳಿಂದ ಇದು ವಾಸಿಯಾದೀತೇ? ಗುಳಿಗೆಗೂ ಒಂದು ಪಾತ್ರವಿದೆ. ಕ್ಯಾಲ್ಸಿಯಂ ಕರುಳಿನಲ್ಲೇ ಫ್ಲೋರೈಡನ್ನು ಹಿಡಿದು, ರಕ್ತಕ್ಕೆ ಸೇರುವ ಪ್ರಮಾಣವನ್ನು ತಗ್ಗಿಸುತ್ತದೆ. ಪೋಷಣೆ ಕಡಿಮೆಯಿದ್ದವರನ್ನೇ ಈ ರೋಗ ಹೆಚ್ಚು ಕಾಡುವುದು. ಆದರೆ ಬಾಗಿದ ಮೂಳೆಯನ್ನು ಯಾವ ಗುಳಿಗೆಯೂ ನೆಟ್ಟಗೆ ಮಾಡದು. ಅದೇ ನೀರು ಕುಡಿಯುತ್ತ ಗುಳಿಗೆ ನುಂಗುವುದು ತೂತು ಕೊಡ ತುಂಬಿಸಿದಂತೆ.

ಮೊದಲು ನೀರಿನ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗದು; ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧೀಕರಣ ಘಟಕದ ನೀರನ್ನೋ, ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನೋ ಬಳಸಿ.

ಅನಂತರ ಊಟದತ್ತ ನೋಡಿ. ಹಾಲು, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು, ನೆಲ್ಲಿಕಾಯಿ, ಪೇರಲ ಹಣ್ಣು ಇರಲಿ. ಕಡು ಚಹಾ ಕಡಿಮೆಯಾಗಲಿ. ಅದರಲ್ಲೂ ಫ್ಲೋರೈಡ್ ಉಂಟು. ಮೂತ್ರಪಿಂಡದ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ಗುಳಿಗೆ ಮುಟ್ಟಬಾರದು. ಹಾಲುಹಲ್ಲು ಬೀಳುವ ಮುನ್ನವೇ ಮಗುವಿನ ಲೋಟದ ನೀರು ಬದಲಾದರೆ, ಮುಂದೆ ಹುಟ್ಟುವ ಹಲ್ಲಿಗಾದರೂ ಕಲೆ ತಪ್ಪೀತು.