ಕೆರೆಗೆ ಒಂದು ಬಾಟಲಿ ಸಾಕೇ?

ಕಲಬುರಗಿಯ ಬ್ರಹ್ಮಪುರದವರಿಗೆ ಶರಣಬಸವೇಶ್ವರ ಕೆರೆ, ಅಂದರೆ ಜನರ ಬಾಯಲ್ಲಿ ‘ಅಪ್ಪನ ಕೆರೆ’, ಚಿರಪರಿಚಿತ. ಅದರ ನೀರು ಹೇಗಿದೆಯೆಂದು ತಿಳಿಯಲು ದಡದಲ್ಲಿ ಬಾಗಿ ಒಂದು ಬಾಟಲಿ ತುಂಬಿಕೊಂಡರೆ ಸಾಕೇ? ಸಾಲದು. ದಡದ ನೀರು ದಡದ ಸಂಗತಿಯನ್ನಷ್ಟೇ ಹೇಳುತ್ತದೆ.

ವಿದ್ಯಾರ್ಥಿಗಳೇ, ಮೊದಲು ಕೆರೆಯ ನಕ್ಷೆ ಬರೆಯಿರಿ. ನೀರು ಒಳಬರುವ ಕಡೆ, ನಡುಭಾಗ, ಕೋಡಿ ಇವಿಷ್ಟನ್ನಾದರೂ ಗುರುತಿಸಿ. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಸುಮಾರು 30 ಸೆಂ.ಮೀ. ಆಳದಲ್ಲಿ ತುಂಬಿರಿ. ಸ್ಥಳ, ದಿನಾಂಕ, ವೇಳೆಯ ಚೀಟಿಯನ್ನು ಅಲ್ಲಿಯೇ ಅಂಟಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಮಾತ್ರ ನಿರ್ಜಂತುಕ ಬಾಟಲಿ ಬೇಕು, ಅದನ್ನು ತೊಳೆಯಬಾರದು.

ವೇಳೆಯನ್ನೇಕೆ ಬರೆಯಬೇಕು? ಹಗಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಪಾಚಿಯೂ ಸೇರಿ ಎಲ್ಲ ಜೀವಿಗಳು ಅದನ್ನು ಬಳಸುತ್ತವೆ. ಮೀನುಗಾರಿಕೆಯ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕವಿರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಮಧ್ಯಾಹ್ನ ಪಾಸಾದ ಕೆರೆ ನಸುಕಿನಲ್ಲಿ ನಪಾಸಾಗಬಹುದು. ಮೀನುಗಳು ಉಸಿರುಗಟ್ಟುವುದೂ ಹೆಚ್ಚಾಗಿ ಆಗಲೇ. ಆದ್ದರಿಂದ ಎರಡೂ ಹೊತ್ತು, ಕೆರೆಯ ಬಳಿಯಲ್ಲೇ ಅಳೆಯಿರಿ.

ಪಾಲಕರೇ, ಮಕ್ಕಳಷ್ಟೇ ನೀರಿನ ಬಳಿ ಹೋಗದಿರಲಿ. ನಡುಭಾಗದ ನೀರನ್ನು ದೋಣಿ ಬಲ್ಲ ಹಿರಿಯರು ತರಲಿ. ತಿಂಗಳಿಗೊಮ್ಮೆ, ವರ್ಷವಿಡೀ, ಅದೇ ಜಾಗಗಳಲ್ಲಿ ಬರೆದಿಟ್ಟ ಅಂಕಿಗಳಿದ್ದರೆ ‘ಕೆರೆ ಕೆಟ್ಟಿದೆ’ ಎಂಬ ದೂರಿಗೆ ಸಾಕ್ಷಿ ಇದ್ದಂತೆ. ಸಾಕ್ಷಿಯಿರುವ ದೂರನ್ನು ತಳ್ಳಿಹಾಕುವುದು ಕಷ್ಟ.