ಸೂಟ್‌ಕೇಸಿನಲ್ಲಿ ಬಂದ ಮೆಡಿಕಲ್ ಶಾಪು

ರಜೆ ಮುಗಿಸಿ ಬಹರೇನಿಗೆ ಮರಳುವ ಕರಾವಳಿಯವರ ಸೂಟ್‌ಕೇಸು ಬಿಚ್ಚಿದರೆ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿಯ ನಡುವೆ ಒಂದು ತೊಟ್ಟೆ ತುಂಬ ಮಾತ್ರೆ ಇದ್ದೇ ಇರುತ್ತದೆ. ಅವರಲ್ಲಿ ಹಲವರು ದುಡಿಯುವ ಬಹರೇನಿನ ಸಿತ್ರಾ ಒಂದು ಕಾಲಕ್ಕೆ ಖರ್ಜೂರದ ತೋಟಗಳ, ನೀರಬುಗ್ಗೆಗಳ ಹಳ್ಳಿಗಾಡು. 1936ರಲ್ಲಿ ತೈಲ ಸಂಸ್ಕರಣಾಗಾರ ಶುರುವಾದ ಮೇಲೆ ಟ್ಯಾಂಕು, ಗ್ಯಾರೇಜು, ಕಾರ್ಖಾನೆಗಳೂ ಬಂದವು. ಅಲ್ಲಿ ದುಡಿಯುವವರ ಕೋಣೆಯಲ್ಲಿ ಎಷ್ಟೋ ಸಲ ಆ ತೊಟ್ಟೆಯೇ ಮೆಡಿಕಲ್ ಶಾಪು.

‘ಊರಿನ ಮಾತ್ರೆಗೆ ಪವರ್ ಜಾಸ್ತಿ’ ಎಂಬುದು ಮೊದಲ ನಂಬಿಕೆ. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್‌ನವರ ಡೋಲೋದಲ್ಲಿ 650 ಮಿಲಿಗ್ರಾಂ ಪ್ಯಾರಸಿಟಮಾಲ್ ಇದೆ, ಇಲ್ಲಿ ಸಿಗುವ ಮಾಮೂಲಿ ಪೆನಡಾಲ್‌ನಲ್ಲಿ 500. ಔಷಧ ಒಂದೇ, ಅಳತೆ ಬೇರೆ. ಇದು ಗೊತ್ತಿಲ್ಲದವರು ಜ್ವರ ಇಳಿಯಲಿಲ್ಲವೆಂದು ಎರಡನ್ನೂ ನುಂಗುತ್ತಾರೆ. ದಿನಕ್ಕೆ ಮೂರು ಡೋಲೋ, ಮೂರು ಹೊತ್ತು ಎರಡೆರಡು ಪೆನಡಾಲ್: ಲೆಕ್ಕ ಹಾಕಿ, 4,950 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರಿಗೂ ಮಿತಿ 4,000. ಶೀತದ ಮಾತ್ರೆಗಳಲ್ಲೂ ಬಹುಮಟ್ಟಿಗೆ ಪ್ಯಾರಸಿಟಮಾಲೇ ಇರುತ್ತದೆ. ಪೆಟ್ಟು ಬೀಳುವುದು ಪಿತ್ತಜನಕಾಂಗಕ್ಕೆ, ಅದೂ ಮೊದಲ ದಿನ ಸದ್ದಿಲ್ಲದೆ.

‘ಎಕ್ಸ್‌ಪೈರಿ ಆಗಿಲ್ಲ, ಮಾತ್ರೆ ಚೆನ್ನಾಗಿದೆ.’ ಸ್ಟ್ರಿಪ್ಪಿನ ತಾರೀಖಿಗೆ ಪಕ್ಕದಲ್ಲೇ ಒಂದು ಷರತ್ತಿದೆ, ಓದುವವರು ಕಡಿಮೆ: ಇಂತಿಷ್ಟು ಡಿಗ್ರಿಯೊಳಗೆ ಇಡಿ, ಸಾಮಾನ್ಯವಾಗಿ 25 ಅಥವಾ 30. ಷರತ್ತು ಮುರಿದರೆ ತಾರೀಖಿಗೆ ಬೆಲೆಯಿಲ್ಲ. ಬಹರೇನಿನ ಬೇಸಿಗೆ ಹೊರಗೇ 40 ದಾಟುತ್ತದೆ. ನಿಲ್ಲಿಸಿದ ಪಿಕಪ್‌ನ ಡ್ಯಾಶ್‌ಬೋರ್ಡಿನ ಮೇಲೆ ಏನಾಗುತ್ತದೆಂದು ಸ್ಟೀರಿಂಗ್ ಮುಟ್ಟಿ ಕೈ ಸುಟ್ಟುಕೊಂಡವರಿಗೆ ಹೇಳಬೇಕಿಲ್ಲ. ನೋಡಲು ಬಣ್ಣ ಮಾಸಿರುವುದಿಲ್ಲ, ಒಳಗಿನ ಸತ್ವ ಕುಂದಿರಬಹುದು.

ಹಾಗಂತ ಎಲ್ಲವನ್ನೂ ಫ್ರಿಜ್ಜಿಗೆ ತುಂಬುವುದೂ ತಪ್ಪು, ಅಲ್ಲಿನ ತೇವಕ್ಕೆ ಕ್ಯಾಪ್ಸೂಲು ಮೆತ್ತಗಾಗುತ್ತದೆ. ಇನ್ಸುಲಿನ್ ಮಾತ್ರ ತೆರೆಯುವ ತನಕ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರಿನಲ್ಲಿ ಗಟ್ಟಿಯಾಯಿತೋ, ಕರಗಿದ ಮೇಲೂ ಬಳಸುವಂತಿಲ್ಲ. ಒಳ್ಳೆಯ ಫಾರ್ಮಸಿಯವರು ಔಷಧದ ಫ್ರಿಜ್ಜಿನಲ್ಲಿ ಥರ್ಮಾಮೀಟರ್ ಇಟ್ಟು ದಿನವೂ ಅಂಕಿ ಬರೆದಿಡುವುದು ಇದಕ್ಕೇ. ಅಂಗಡಿಯಿಂದ ಕೋಣೆಯವರೆಗಿನ ದಾರಿಯ ಲೆಕ್ಕವನ್ನು ಯಾರು ಬರೆಯುತ್ತಾರೆ?

‘ನನ್ನ ನೋವಿನ ಮಾತ್ರೆ, ಏರ್‌ಪೋರ್ಟಿನವರಿಗೇನು?’ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ನಿದ್ದೆಗೆಂದು ನುಂಗುವ ಆಲ್‌ಪ್ರಜೋಲಾಮ್ ಇವೆಲ್ಲ ಇಲ್ಲಿ ಹಿಡಿತದಲ್ಲಿಟ್ಟಿರುವ ಔಷಧಗಳು. ಊರಿನ ಅಂಗಡಿಯವರು ಪರಿಚಯದ ಮೇಲೆ ಕೊಟ್ಟಿರಬಹುದು. ಅಲ್ಲೂ ಟ್ರಮಡಾಲ್ 2018ರಿಂದ ಮಾದಕ ದ್ರವ್ಯ ಕಾಯ್ದೆಯಡಿ ಇದೆ. ವೈದ್ಯರ ಚೀಟಿಯಿಲ್ಲದೆ ತಂದರೆ ವಿಚಾರಣೆ, ಕೇಸು. ಇನ್ನೊಬ್ಬರ ಮಾತ್ರೆಯ ಕಟ್ಟನ್ನು ಹೊತ್ತು ತರುವುದಂತೂ ಬೇಡವೇ ಬೇಡ, ಕೊಟ್ಟವರು ಸ್ವಂತ ಭಾವನೇ ಆಗಿರಲಿ.

ಬೆಲೆಯ ಮಾತು ಸಣ್ಣದು: ಅಗ್ಗದ ಜನರಿಕ್ ಎಂದಮಾತ್ರಕ್ಕೆ ಕಳಪೆಯಲ್ಲ. ಬಹರೇನಿನಲ್ಲಿ ಔಷಧಕ್ಕೂ ಫಾರ್ಮಸಿಗೂ ಪರವಾನಗಿ ಕೊಡುವುದು ರಾಷ್ಟ್ರೀಯ ಆರೋಗ್ಯ ನಿಯಂತ್ರಣ ಪ್ರಾಧಿಕಾರ. ಅದಕ್ಕೆ ದುಬಾರಿ, ಅಗ್ಗ ಎಂಬ ಭೇದವಿಲ್ಲ.

ನನಗೆ ಹೆಚ್ಚು ಕಳವಳ ತರುವುದು ಕತ್ತರಿ. ಊರಿನಲ್ಲಿ ನಾಲ್ಕು ಮಾತ್ರೆ ಕೇಳಿದರೆ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಕೈಗೆ ಬಂದ ತುಂಡಿನಲ್ಲಿ ಅರ್ಧ ಹೆಸರು ಮಾತ್ರ, ಬ್ಯಾಚ್ ಸಂಖ್ಯೆಯಿಲ್ಲ, ತಾರೀಖಿಲ್ಲ. ಆರು ತಿಂಗಳ ಮೇಲೆ ಆ ತುಂಡನ್ನು ಸಿತ್ರಾದ ಫಾರ್ಮಸಿಸ್ಟ್ ಮುಂದಿಟ್ಟರೆ ಅವರಾದರೂ ಏನು ಹೇಳಿಯಾರು? ಅವರಿಗೆ ನಮ್ಮ ಬ್ರ್ಯಾಂಡು ಗೊತ್ತಿರಬೇಕಿಲ್ಲ. ಅದರ ಕೆಳಗಿನ ಸಣ್ಣಕ್ಷರದ ಔಷಧದ ಹೆಸರು ಕಂಡರೆ ಸಾಕು. ಹಾಗಾಗಿ ಮುಂದಿನ ರಜೆಯಲ್ಲಿ ಇಡೀ ಸ್ಟ್ರಿಪ್ಪೇ ಕೊಳ್ಳಿ, ಬಿಲ್ಲು ಮತ್ತು ಚೀಟಿಯನ್ನು ಅದಕ್ಕೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ.